ಮಗಳಿಗೊಂದು ಪತ್ರ: ಬುಡಾಪೆಸ್ಟ್ ಖರ್ಚನ್ನು ಫೊರಿಂಟ್‌ನಲ್ಲೇ ಬರಿ

ಪುಟ್ಟೀ,

ನೀನು ಕಳಿಸಿದ ಬುಡಾಪೆಸ್ಟ್ ಖರ್ಚಿನ ಪಟ್ಟಿ ನೋಡಿದೆ. ಪಟ್ಟಿ ಅನ್ನೋದಕ್ಕಿಂತ ಒಂದು ಸಾಲು: "ಐದು ರಾತ್ರಿ, ದಿನಕ್ಕೆ 100 ಯೂರೋ, ಒಟ್ಟು 500, ವಿಮಾನ ಬೇರೆ." ಇದರಲ್ಲಿ ಮೂರು ಕಡೆ ಎಡವಿದ್ದೀಯ. ಐದು ರಾತ್ರಿ ಅಂದರೆ ಊಟದ ಲೆಕ್ಕಕ್ಕೆ ಆರು ದಿನ. ವೀಸಾ, ವಿಮೆಯ ಸುದ್ದಿಯೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಬುಡಾಪೆಸ್ಟ್ ರಾಜಧಾನಿಯಾಗಿರುವ ಹಂಗೇರಿ ಐರೋಪ್ಯ ಒಕ್ಕೂಟದಲ್ಲಿದೆ, ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಷೆಂಗೆನ್ ವಲಯದಲ್ಲೂ ಇದೆ, ಆದರೆ ಅಲ್ಲಿಯ ದುಡ್ಡು ಫೊರಿಂಟ್. ಯೂರೋ ಹಿಡಿದು ಹೋದವರ ಕೈಯಿಂದ ಬುಡಾಪೆಸ್ಟ್‌ನಲ್ಲಿ ಹಣ ಸೋರುವುದು ಊಟದಲ್ಲಿ ಅಲ್ಲ, ಒಂದು ದುಡ್ಡು ಇನ್ನೊಂದಾಗಿ ಬದಲಾಗುವ ಜಾಗದಲ್ಲಿ.

ಮೊದಲು ದರ. 2021ರಿಂದ ಈಚೆಗೆ 1 ಯೂರೋ ಸುಮಾರು 350 ಫೊರಿಂಟ್‌ನಿಂದ 430ರವರೆಗೆ ಓಲಾಡಿದೆ. ನೀನು ಯೋಜನೆ ಹಾಕುವಾಗ 350 ಎಂದೇ ಇಟ್ಟುಕೋ. ಫೊರಿಂಟ್ ಗಟ್ಟಿಯಾದಷ್ಟೂ ನಿನಗೆ ಖರ್ಚು ಜಾಸ್ತಿ, ಹಾಗಾಗಿ ನಿನಗೆ ಕೆಟ್ಟದಾಗಿರುವ ದರದಲ್ಲಿ ಲೆಕ್ಕ ಹಾಕಿದರೆ ಆಮೇಲೆ ಉಳಿದದ್ದೆಲ್ಲ ಲಾಭ. ಬಾಯಿಲೆಕ್ಕಕ್ಕೂ ಸುಲಭ: 35,000 ಫೊರಿಂಟ್ ಅಂದರೆ 100 ಯೂರೋ, 3,500 ಅಂದರೆ 10.

ಈಗ ಕಾರ್ಡ್. ಯೂರೋ ತುಂಬಿಸಿದ ಪ್ರೀಪೇಯ್ಡ್ ಕಾರ್ಡ್ ತಗೋತೀನಿ ಅಂದಿದ್ದೆ. ಈ ಊರಿಗೆ ಅದು ಬೇಡ. ಯೂರೋ ಕೊಳ್ಳುವಾಗ ಒಮ್ಮೆ ಕಳೆದುಕೊಳ್ಳುತ್ತೀಯ, ಅದನ್ನು ಫೊರಿಂಟ್ ಅಂಗಡಿಯಲ್ಲಿ ಉಜ್ಜಿದಾಗ ಕ್ರಾಸ್ ಕರೆನ್ಸಿ ಶುಲ್ಕ ಅಂತ ಇನ್ನೊಮ್ಮೆ. ವಿದೇಶಿ ವಹಿವಾಟಿಗೆ ಮಾರ್ಕಪ್ (ಬ್ಯಾಂಕ್ ದರದ ಮೇಲೆ ಸೇರಿಸುವ ಶುಲ್ಕ) ಇಲ್ಲದ ಅಥವಾ ತೀರ ಕಡಿಮೆ ಇರುವ ಮಾಮೂಲಿ ಕಾರ್ಡ್ ಸಾಕು. ಎರಡು ಕಾರ್ಡ್ ಇರಲಿ, ಒಂದೇ ಪರ್ಸಿನಲ್ಲಿ ಬೇಡ. ಹೋಟೆಲಿನವರು ಠೇವಣಿ ಅಂತ ಕಾರ್ಡ್‌ನಲ್ಲಿ ಒಂದಿಷ್ಟು ಹಣ ತಡೆಹಿಡಿಯಬಹುದು. ಅದು ಖರ್ಚಲ್ಲದಿದ್ದರೂ ಬಿಡುಗಡೆಯಾಗುವವರೆಗೆ ನಿನ್ನ ಮಿತಿಯಲ್ಲಿ ಅಷ್ಟು ಕಡಿಮೆ.

ಎಟಿಎಂ ಮುಂದೆ ನಿಂತಾಗ ಏನಾಗುತ್ತದೆ ಅಂತ ಸರಿಯಾಗಿ ತಿಳಿದುಕೋ, ಯಾಕಂದರೆ ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಮೊದಲ ಪರದೆ ಯಂತ್ರದ ಶುಲ್ಕ ಹೇಳುತ್ತದೆ. ಮುಂದಿನ ಪರದೆಯಲ್ಲಿ ನಿನ್ನ ಕಾರ್ಡಿನ ಕರೆನ್ಸಿಯಲ್ಲಿ ಒಂದು ಮೊತ್ತ ಬರುತ್ತದೆ, ಕೆಳಗೆ ಎರಡು ಬಟನ್: ಪರಿವರ್ತನೆ ಒಪ್ಪುವುದು, ನಿರಾಕರಿಸುವುದು. ಒಪ್ಪುವ ಬಟನ್ ಹಸಿರಾಗಿ ಎದ್ದು ಕಾಣುತ್ತದೆ. ನಿರಾಕರಿಸಿದರೆ ಹಣವೇ ಬರಲಿಕ್ಕಿಲ್ಲ ಅನ್ನಿಸುವ ಹಾಗೆ ವಾಕ್ಯ ಬರೆದಿರುತ್ತಾರೆ. ಹೆದರಬೇಡ, ನಿರಾಕರಿಸು. ರದ್ದಾಗುವುದು ಅವರ ದರ ಮಾತ್ರ, ಹಣ ಬಂದೇ ಬರುತ್ತದೆ. ಅಂದಾಜಿಗೆ ಹೇಳುತ್ತೇನೆ: ಮಾರುಕಟ್ಟೆಯಲ್ಲಿ 1 ಯೂರೋಗೆ 380 ಇರುವ ದಿನ 35,000 ಫೊರಿಂಟ್‌ಗೆ ಸುಮಾರು 92 ಯೂರೋ ಹೋಗಬೇಕು. ಯಂತ್ರ 335ರ ದರ ಹಿಡಿದರೆ 104 ಹೋಗುತ್ತದೆ. ಒಂದು ಬಟನ್‌ಗೆ 12 ಯೂರೋ, ಒಳ್ಳೆಯ ಒಂದು ಊಟದ ದುಡ್ಡು. ಅಂಗಡಿಯ ಕಾರ್ಡ್ ಯಂತ್ರವೂ ಇದೇ ಪ್ರಶ್ನೆ ಕೇಳುತ್ತದೆ, ಕೆಲವು ಸಲ ಮಾಣಿಯೇ ನಿನ್ನ ಪರವಾಗಿ ಒತ್ತಿಬಿಡುತ್ತಾನೆ. "ಫೊರಿಂಟ್" ಅಂತ ಬಾಯಿಬಿಟ್ಟು ಹೇಳು, ಯಂತ್ರವನ್ನು ನಿನ್ನ ಕೈಗೇ ತಗೋ. ಪ್ರವಾಸಿಗರ ಬೀದಿಯಲ್ಲಿ ಗೋಡೆಗೆ ಅಂಟಿಕೊಂಡ ಬಿಡಿ ಎಟಿಎಂ ಬಿಟ್ಟು ಬ್ಯಾಂಕ್ ಶಾಖೆಯದ್ದನ್ನು ಹುಡುಕು.

ನಗದು ಬಹಳ ಬೇಡ. 2021ರಿಂದ ಅಲ್ಲಿ ಆನ್‌ಲೈನ್ ಕ್ಯಾಶ್ ರಿಜಿಸ್ಟರ್ (ತೆರಿಗೆ ಇಲಾಖೆಗೆ ಜೋಡಿಸಿದ ಬಿಲ್ ಯಂತ್ರ) ಇರುವ ಅಂಗಡಿಗಳು ಎಲೆಕ್ಟ್ರಾನಿಕ್ ಪಾವತಿಗೂ ವ್ಯವಸ್ಥೆ ಇಡಲೇಬೇಕು. ಸಂತೆಗೆ, ಟಿಪ್‌ಗೆ, ಶೌಚಾಲಯಕ್ಕೆ ಅಂತ 15,000–20,000 ಫೊರಿಂಟ್ ಆರು ದಿನಕ್ಕೆ ಸಾಕು. 20,000ದ ನೋಟು ಕೈಗೆ ಬರದ ಹಾಗೆ ಮೊತ್ತ ಒತ್ತು, ಸಣ್ಣ ಅಂಗಡಿಯಲ್ಲಿ ಅದಕ್ಕೆ ಚಿಲ್ಲರೆ ಸಿಗುವುದು ಕಷ್ಟ. 1, 2 ಫೊರಿಂಟ್ ನಾಣ್ಯಗಳು ಚಲಾವಣೆಯಲ್ಲಿಲ್ಲ, ನಗದು ಬಿಲ್ಲನ್ನು ಹತ್ತಿರದ 5ಕ್ಕೆ ಸರಿಹೊಂದಿಸುತ್ತಾರೆ, ಚಿಲ್ಲರೆ ಕಡಿಮೆ ಕೊಟ್ಟರು ಅಂತ ಜಗಳಕ್ಕೆ ನಿಲ್ಲಬೇಡ. ಯೂರೋ ನೋಟು ತಗೊಳ್ಳುವ ಅಂಗಡಿಗಳೂ ಇವೆ. ದರ ಅವರದ್ದು, ಚಿಲ್ಲರೆ ಫೊರಿಂಟ್‌ನಲ್ಲಿ. ವಿಮಾನ ನಿಲ್ದಾಣದ ವಿನಿಮಯ ಕೌಂಟರ್‌ನಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರ ಓದಿ ನೋಡು, ನಾನು ಮತ್ತೆ ಹೇಳಬೇಕಾಗಿಲ್ಲ.

ಇನ್ನು ಹೊರಡುವ ಮುಂಚಿನ ಖರ್ಚು. ಷೆಂಗೆನ್ ವೀಸಾ ಶುಲ್ಕ ವಯಸ್ಕರಿಗೆ 90 ಯೂರೋ, 2024ರ ಜೂನ್‌ನಿಂದ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಎರಡೂ ವಾಪಸ್ ಬರುವುದಿಲ್ಲ. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು, ಇಡೀ ಷೆಂಗೆನ್ ವಲಯಕ್ಕೆ, ನೀನು ಅಲ್ಲಿರುವ ಅಷ್ಟೂ ದಿನಕ್ಕೆ ಇರಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ 15 ದಿನದ ಮುಂಚಿನವರೆಗೆ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವಕ್ಕೆ 45 ದಿನದವರೆಗೂ ಎಳೆಯಬಹುದು. ರೂಮಿನ ಲೆಕ್ಕ ಇದಕ್ಕೇ ಅಂಟಿಕೊಂಡಿದೆ. ನೀನು ಅಗ್ಗ ಅಂತ ಆರಿಸಿದ್ದು ರದ್ದು ಮಾಡಿದರೆ ದುಡ್ಡು ಬಾರದ ರೂಮು. ವೀಸಾ ಕೈಗೆ ಬರುವವರೆಗೆ ಉಚಿತವಾಗಿ ರದ್ದಾಗುವಂಥದ್ದನ್ನೇ ಹಿಡಿ. ಮೇಲೆ ಕೊಡುವ ನಾಲ್ಕೈದು ಯೂರೋ ದಂಡ ಅನ್ನಿಸಬಹುದು, ಆದರೆ ವೀಸಾ ತಡವಾದರೆ ರೂಮಿನ ಇಡೀ 300 ಯೂರೋ ಹೋಗುವುದಕ್ಕಿಂತ ವಾಸಿ.

ಹುಡುಕಾಟದ ಪುಟದಲ್ಲಿ ಕಾಣುವ ರೂಮಿನ ಬೆಲೆ ಕೊನೆಯ ಬೆಲೆ ಅಲ್ಲ. ಬುಡಾಪೆಸ್ಟ್‌ನಲ್ಲಿ ಪ್ರವಾಸಿ ತೆರಿಗೆ ಸಾಮಾನ್ಯವಾಗಿ ಬಾಡಿಗೆಯ ಶೇ 4, ಬಹಳ ಕಡೆ ಅಲ್ಲಿಗೆ ಹೋದ ಮೇಲೆ ಕೇಳುತ್ತಾರೆ. ಫ್ಲ್ಯಾಟ್ ಆದರೆ ಶುಚಿ ಶುಲ್ಕ ಅಂತ ಇನ್ನೊಂದು. 6ನೇ ಜಿಲ್ಲೆ ತೆರೆಜ್‌ವಾರೋಶ್ 2024ರಲ್ಲಿ ಜನಾಭಿಪ್ರಾಯ ಕೇಳಿ, 2026ರ ಜನವರಿಯಿಂದ ಅಲ್ಪಾವಧಿ ಫ್ಲ್ಯಾಟ್ ಬಾಡಿಗೆ ನಿಲ್ಲಿಸಲು ತೀರ್ಮಾನಿಸಿತು. ಅಲ್ಲಿ ಯಾರಾದರೂ ಅಗ್ಗದ ಫ್ಲ್ಯಾಟ್ ತೋರಿಸಿದರೆ ಅನುಮಾನ ಪಡು. 7ನೇ ಜಿಲ್ಲೆ ಅಗ್ಗ, ಆದರೆ ಪಾಳು ಕಟ್ಟಡಗಳ ಬಾರ್‌ಗಳೆಲ್ಲ ಇರುವುದು ಅಲ್ಲೇ, ಬೀದಿ ಕಡೆಯ ಕಿಟಕಿ ಸಿಕ್ಕರೆ ನಿದ್ದೆ ಇಲ್ಲ. 4–6 ಟ್ರಾಮ್ ಓಡುವ ದೊಡ್ಡ ವರ್ತುಲ ರಸ್ತೆಯಿಂದ ಐದು ನಿಮಿಷದ ನಡಿಗೆಯೊಳಗೆ ಹುಡುಕು. 6ನೇ ಟ್ರಾಮ್ ರಾತ್ರಿಯಿಡೀ ಓಡುವುದರಿಂದ ಟ್ಯಾಕ್ಸಿ ಖರ್ಚು ಉಳಿಯುತ್ತದೆ.

ವಿಮಾನ ನಿಲ್ದಾಣದಿಂದ ಎರಡು ಬಸ್. 100ಇ ನೇರವಾಗಿ ಊರ ನಡುವಿನ ದೆಯಾಕ್ ಚೌಕಕ್ಕೆ ಹೋಗುತ್ತದೆ, ಅದಕ್ಕೆ ವಿಶೇಷ ಟಿಕೆಟ್, ಬೆಲೆ ಮಾಮೂಲಿ ಟಿಕೆಟ್‌ನ ಸುಮಾರು ಐದು ಪಟ್ಟು. ಕೈಯಲ್ಲಿ ಊರ ಬಸ್, ಟ್ರಾಮ್, ಮೆಟ್ರೋಗಳ 72 ಗಂಟೆಯ ಪಾಸ್ ಇದ್ದರೂ ಇದರಲ್ಲಿ ನಡೆಯುವುದಿಲ್ಲ. 200ಇ ಮಾತ್ರ ಮಾಮೂಲಿ ಟಿಕೆಟ್‌ಗೆ, ಪಾಸ್‌ಗೆ ಸಿಗುತ್ತದೆ, ಆದರೆ ಕೊಬಾನ್ಯ-ಕಿಶ್‌ಪೆಶ್ಟ್‌ನಲ್ಲಿ ಇಳಿದು ಎಂ3 ಮೆಟ್ರೋ ಹಿಡಿಯಬೇಕು. ಸೂಟ್‌ಕೇಸ್ ದೊಡ್ಡದಿದ್ದರೆ 100ಇ, ಬ್ಯಾಗ್ ಒಂದೇ ಆದರೆ 200ಇ.

ಊರೊಳಗೆ ಓಡಾಡಲು ಬಿಡಿ ಟಿಕೆಟ್ ಒಂದು ಸವಾರಿಗೆ ಒಂದು. ಮೆಟ್ರೋದಿಂದ ಮೆಟ್ರೋಗೆ ಬದಲಿಸಬಹುದು, ಟ್ರಾಮ್ ಹತ್ತಿದೆಯೋ ಇನ್ನೊಂದು ಟಿಕೆಟ್. 72 ಗಂಟೆಯ ಪಾಸ್‌ನ ಬೆಲೆ ಹೆಚ್ಚುಕಡಿಮೆ 12 ಬಿಡಿ ಟಿಕೆಟ್‌ನಷ್ಟು, ಅಂದರೆ ದಿನಕ್ಕೆ ನಾಲ್ಕು ಸಲ ಹತ್ತಿದರೆ ಸಮ. 15 ದಿನದ ಪಾಸ್ ಕೂಡ ಇದೆ. ಬೆಲೆ 72 ಗಂಟೆಯದ್ದಕ್ಕೆ ತೀರ ಹತ್ತಿರ, ನಿನ್ನ ಆರು ದಿನಕ್ಕೆ ಅದೇ ಸರಿ ಅಂತ ನನಗನ್ನಿಸುತ್ತದೆ. ಊರ ಸಾರಿಗೆಯವರ ಬುಡಾಪೆಸ್ಟ್‌ಗೋ ಆ್ಯಪ್‌ನಲ್ಲಿ ಆ ದಿನದ ದರ ನೋಡಿ ಹೋಲಿಸಿಕೋ. ಕಾಗದದ ಟಿಕೆಟ್ ಆದರೆ ಮೆಟ್ರೋದಲ್ಲಿ ಎಸ್ಕಲೇಟರ್‌ಗೆ ಕಾಲಿಡುವ ಮುಂಚೆಯೇ ಅಲ್ಲಿರುವ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಬಹಳ ಕಡೆ ಗೇಟ್ ಇರುವುದಿಲ್ಲ, ಅದಕ್ಕೇ ಜನ ಮರೆಯುತ್ತಾರೆ. ತಪಾಸಣೆಯವರು ಅಲ್ಲೇ ನಿಂತಿರುತ್ತಾರೆ, ಟಿಕೆಟ್ ಕೊಂಡಿದ್ದೇನೆ ಅನ್ನುವ ವಾದ ನಡೆಯುವುದಿಲ್ಲ.

ನೋಡುವ ಜಾಗಗಳಲ್ಲಿ ಪಾರ್ಲಿಮೆಂಟ್ ಭವನ ದುಬಾರಿ. ಐರೋಪ್ಯ ಆರ್ಥಿಕ ವಲಯದ ಆಚೆಯವರಿಗೆ, ಅಂದರೆ ನಮ್ಮಂಥವರಿಗೆ, ಟಿಕೆಟ್ ಹತ್ತಿರಹತ್ತಿರ ಎರಡು ಪಟ್ಟು, 10,000 ಫೊರಿಂಟ್ ದಾಟುತ್ತದೆ. 24 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ನಿನಗೆ ಅನ್ವಯಿಸುತ್ತದೆಯಾ ನೋಡು. ಗೊತ್ತಾದ ಸಮಯಕ್ಕೆ ಗುಂಪು ಗುಂಪಾಗಿ ಬಿಡುತ್ತಾರೆ, ಆನ್‌ಲೈನ್‌ನಲ್ಲಿ ಬೇಗ ಮುಗಿದುಹೋಗುತ್ತದೆ. ಸೇಚೆನಿ ಬಿಸಿನೀರ ಸ್ನಾನಗೃಹವೂ 10,000 ದಾಟುತ್ತದೆ, ವಾರಾಂತ್ಯಕ್ಕೆ ಇನ್ನೂ ಹೆಚ್ಚು. ವಾರದ ನಡುವೆ ಹೋಗು, ಕ್ಯಾಬಿನ್ ಬದಲು ಲಾಕರ್ ತಗೋ. ಟವೆಲ್, ಚಪ್ಪಲಿ ನಿನ್ನದೇ ಇರಲಿ, ಈಜುವ ಕೊಳಕ್ಕೆ ಇಳಿಯುವುದಾದರೆ ಟೋಪಿಯೂ ಬೇಕು. ಇವನ್ನೆಲ್ಲ ಅಲ್ಲೇ ಕೊಂಡರೆ ಟಿಕೆಟ್‌ನ ಮೇಲೆ ಇನ್ನರ್ಧ ಟಿಕೆಟ್ ಬೀಳುತ್ತದೆ. ಬರೀ ಬಿಸಿನೀರು ಸಾಕು, ಫೋಟೋ ಮುಖ್ಯ ಅಲ್ಲ ಅನ್ನುವುದಾದರೆ ಲುಕಾಚ್ ಅನ್ನುವ ಇನ್ನೊಂದು ಸ್ನಾನಗೃಹ ಅಗ್ಗ. ನಿನ್ನ ಪಟ್ಟಿಯಲ್ಲಿರುವ ಗೆಲ್ಲೇರ್ಟ್ ಸ್ನಾನಗೃಹ ದುರಸ್ತಿಗೆಂದು 2025ರ ಅಕ್ಟೋಬರ್‌ನಲ್ಲಿ ಮುಚ್ಚಿದೆ, ಹೊಡೆದುಹಾಕು.

ಬುಡಾ ಗುಡ್ಡ ಹತ್ತಲು ಶಿಕ್ಲೊ ಎಂಬ ಹಗ್ಗದ ರೈಲಿದೆ. ಅದರಲ್ಲಿ ಪಾಸ್ ನಡೆಯುವುದಿಲ್ಲ, ಒಂದೆರಡು ನಿಮಿಷದ ಸವಾರಿಗೆ ಬೆಲೆ ಜಾಸ್ತಿ. ದೆಯಾಕ್ ಚೌಕದಿಂದ 16ನೇ ಬಸ್ ಪಾಸ್‌ನಲ್ಲೇ ಅದೇ ಗುಡ್ಡಕ್ಕೆ ಹೋಗುತ್ತದೆ. ಮೇಲೆ ಫಿಶರ್‌ಮನ್ಸ್ ಬ್ಯಾಸ್ಟಿಯನ್ ಅನ್ನುವ ನೋಟದ ಕಟ್ಟೆಯ ಮೇಲಂತಸ್ತಿಗೆ ಮಾತ್ರ ಟಿಕೆಟ್, ಕೆಳಗಿನ ಕಟ್ಟೆಯಿಂದ ಕಾಣುವ ಡಾನ್ಯೂಬ್ ಅದೇ ಡಾನ್ಯೂಬ್. ನದಿಯ ದಂಡೆಯಲ್ಲೇ ಓಡುವ 2ನೇ ಟ್ರಾಮ್‌ನಲ್ಲಿ ಕತ್ತಲಾದ ಮೇಲೆ ಒಮ್ಮೆ ಕೂತರೆ ದೋಣಿ ವಿಹಾರಕ್ಕೆ ಅಂತ ತೆಗೆದಿಟ್ಟ ದುಡ್ಡೂ ಉಳಿಯಬಹುದು. ಲಲಿತಕಲಾ ಮ್ಯೂಸಿಯಂಗೆ ಸೋಮವಾರ ರಜೆ. ಅಕ್ಟೋಬರ್ 23ಕ್ಕೆ ಅಲ್ಲಿ 1956ರ ಕ್ರಾಂತಿಯ ನೆನಪಿನ ರಾಷ್ಟ್ರೀಯ ರಜೆ, ಅದು ನಿನ್ನ ಮೂರನೇ ದಿನಕ್ಕೆ ಬರುತ್ತದೆ. ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ಹಿಂದಿನ ದಿನವೇ ಹಣ್ಣು, ಬ್ರೆಡ್ ತಂದಿಟ್ಟುಕೋ, ಇಲ್ಲದಿದ್ದರೆ ಮೂರು ಹೊತ್ತೂ ರೆಸ್ಟೋರೆಂಟೇ ಗತಿ.

ಊಟದಲ್ಲಿ ದೊಡ್ಡ ಊಟ ಮಧ್ಯಾಹ್ನ ಮಾಡು. ವಾರದ ದಿನಗಳಲ್ಲಿ "ನಪಿ ಮೆನ್ಯು" ಅಂತ ಬೋರ್ಡ್ ಇರುತ್ತದೆ: ಸೂಪ್, ಒಂದು ಮುಖ್ಯ ತಿನಿಸು, ಗೊತ್ತಾದ ಬೆಲೆ, ರಾತ್ರಿ ಊಟಕ್ಕಿಂತ ಎಷ್ಟೋ ಕಡಿಮೆ. ಫೊಜೆಲೇಕ್ ಅನ್ನುವ ಗಟ್ಟಿ ತರಕಾರಿ ಪಲ್ಯ ಅಗ್ಗ, ಹೊಟ್ಟೆ ತುಂಬುತ್ತದೆ. ಮಾಂಸ ಬೇಡವಾದರೆ ಮೇಲೆ ಏನು ಇಡುತ್ತಾರೆ ಅಂತ ಮೊದಲೇ ಕೇಳು. "ಹೂಶ್" ಅಂದರೆ ಮಾಂಸ, "ಝೀರ್" ಅಂದರೆ ಹೆಚ್ಚಾಗಿ ಹಂದಿಯ ಕೊಬ್ಬು. ಬಿಲ್ ಬಂದಾಗ ಕೊನೆಯ ಸಾಲಲ್ಲಿ "ಸೆರ್ವಿಜ್‌ದೀ" ಇದೆಯಾ ನೋಡು. ಅದು ಸೇವಾ ಶುಲ್ಕ, ಶೇ 10ರಿಂದ 15 ಸೇರಿಸಿರುತ್ತಾರೆ. ಇದ್ದರೆ ಮೇಲೆ ಟಿಪ್ ಬೇಡ. ನಲ್ಲಿ ನೀರು ಕುಡಿಯಬಹುದು. ಬಾಟಲಿ ಕೊಂಡರೆ 2024ರಿಂದ ಪ್ರತಿ ಬಾಟಲಿಗೆ 50 ಫೊರಿಂಟ್ ಠೇವಣಿ ಸೇರಿರುತ್ತದೆ, ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಚೀಟಿ ಕೊಡುತ್ತದೆ. ಬಾಟಲಿ ಜಜ್ಜಿದ್ದರೆ, ಲೇಬಲ್ ಕಿತ್ತಿದ್ದರೆ ಯಂತ್ರ ತಗೊಳ್ಳುವುದಿಲ್ಲ.

ಈಗ ನಿನ್ನ ಪಟ್ಟಿ ಹೀಗೆ ಬರಿ. ರೂಮು ರಾತ್ರಿಗೆ 60ರಂತೆ 300 ಯೂರೋ, ತೆರಿಗೆ 12. ಊಟಕ್ಕೆ ದಿನಕ್ಕೆ 13,000 ಫೊರಿಂಟ್, ಆರು ದಿನಕ್ಕೆ 78,000. ಪ್ರವೇಶ ಟಿಕೆಟ್‌ಗಳಿಗೆ 45,000. ಪಾಸ್, ವಿಮಾನ ನಿಲ್ದಾಣದ ಬಸ್ ಸೇರಿ 13,000. ಸಿಮ್, ಕೊನೆಯ ದಿನ ಲಗೇಜ್ ಇಡುವ ಲಾಕರ್, ಶೌಚಾಲಯ ಅಂತ 9,000. ಫೊರಿಂಟ್ ಒಟ್ಟು 1,45,000, ಅಂದರೆ 350ರ ದರದಲ್ಲಿ 414 ಯೂರೋ. ರೂಮು ಸೇರಿ 726. ಇದರ ಮೇಲೆ ಶೇ 15, ಅಂದರೆ 109 ಯೂರೋ, ಎರಡನೇ ಕಾರ್ಡಿನ ಖಾತೆಯಲ್ಲಿ ಮುಟ್ಟದೆ ಇಡು. 835 ಆಯಿತು. ನಿನ್ನ 500 ಎಲ್ಲಿ ಕಮ್ಮಿ ಬಿತ್ತು ಅಂತ ಈಗ ಕಾಣುತ್ತದೆಯಲ್ಲ. ವೀಸಾ, ವಿಮೆ, ವಿಮಾನ ಇದರಾಚೆ. ಎಲ್ಲಿಯಾದರೂ ಕಡಿತ ಮಾಡಲೇಬೇಕು ಅಂದರೆ ಪ್ರವೇಶ ಟಿಕೆಟ್‌ಗಳಲ್ಲಿ ಮಾಡು, ಆ ಶೇ 15ರಲ್ಲಿ ಬೇಡ.

ವಿಮಾನದ ಬಗ್ಗೆ ಒಂದು ಮಾತು. ನಡುವೆ ಇನ್ನೊಂದು ಷೆಂಗೆನ್ ದೇಶದಲ್ಲಿ ವಿಮಾನ ಬದಲಿಸುವುದಾದರೆ ಗಡಿ ತಪಾಸಣೆ ನಡೆಯುವುದು ಆ ನಿಲ್ದಾಣದಲ್ಲೇ. ಈಗ ಮೊದಲ ಸಲ ಬರುವವರ ಮುಖದ ಫೋಟೋ ತೆಗೆದುಕೊಳ್ಳುತ್ತಾರೆ, ವೀಸಾ ಇರುವವರ ಬೆರಳಚ್ಚು ಪರೀಕ್ಷಿಸುತ್ತಾರೆ. ಶುಲ್ಕವಿಲ್ಲ, ಸಮಯ ಹಿಡಿಯುತ್ತದೆ. ಒಂದು ಗಂಟೆಯ ಅಂತರದ ಟಿಕೆಟ್ 40 ಯೂರೋ ಅಗ್ಗ ಅಂತ ತೋರಿಸಿದೆಯಲ್ಲ, ಅದನ್ನು ಬಿಡು, ಎರಡೂವರೆ ಗಂಟೆಯಾದರೂ ಇರಲಿ.

ಮೊದಲು ಪಾರ್ಲಿಮೆಂಟ್ ಟಿಕೆಟ್ ಯಾವ ದಿನ ಸಿಗುತ್ತದೆ ನೋಡು, ಮಿಕ್ಕದ್ದನ್ನು ಅದರ ಸುತ್ತ ಹೊಂದಿಸು. ತಿದ್ದಿದ ಪಟ್ಟಿ ಕಳಿಸುವಾಗ ರೂಮು ರದ್ದು ಮಾಡಲು ಕೊನೆಯ ದಿನಾಂಕ ಯಾವುದು ಅಂತ ಮೇಲ್ಗಡೆಯೇ ಬರೆದಿರು.

ನಿನ್ನ
ಅಪ್ಪ