ಗಾಜನೂರಿನ ಗೋಡೆಗೆ ಹೂ ಚುಚ್ಚಿದ ಕೈಗಳಿಗೆ

ಲಾಲ್‌ಬಾಗಿನ 2022ರ ಆಗಸ್ಟ್ ಫ್ಲವರ್ ಶೋ ಮುಗಿದು ಮೂರು ದಿನ ಆಯ್ತು. ಬೆರಳಿನ ಕಪ್ಪು ಇನ್ನೂ ಹೋಗಿಲ್ಲ. ಸೇವಂತಿಗೆ ಕಾಂಡದ ಕರೆ ಹಾಗೇ, ಹುಣಸೆಹಣ್ಣು ಹಾಕಿ ಉಜ್ಜಿದರೂ ಬಿಡುವುದಿಲ್ಲ. ಅದು ಹೋಗುವ ಮೊದಲೇ ನಾಲ್ಕು ಜನಕ್ಕೆ ಥ್ಯಾಂಕ್ಸ್ ಹೇಳಿಬಿಡೋಣ ಅಂತ ಕೂತಿದ್ದೇನೆ.

ನನ್ನದು ಹೂವಿನ ಅಲಂಕಾರದ ಕೆಲಸ. ಮದುವೆ, ಗೃಹಪ್ರವೇಶ, ವರ್ಷಕ್ಕೆರಡು ಸಲ ಲಾಲ್‌ಬಾಗ್. 2020ರ ಜನವರಿ ಶೋ ಆದ ಮೇಲೆ ಕೊರೊನಾ ಬಂತು. ಗಾಜಿನ ಮನೆಯಲ್ಲಿ ಎರಡು ವರ್ಷಕ್ಕೂ ಜಾಸ್ತಿ ಶೋ ಇಲ್ಲ. ಮದುವೆಗಳೂ ಇಲ್ಲ. ಛತ್ರದವರೊಬ್ಬರು ಹಳೇ ಬಾಕಿ ಕೊಡಲಿಲ್ಲ, ಫೋನೂ ಎತ್ತಲಿಲ್ಲ. ಹೋಗಲಿ ಬಿಡಿ. ತಳ್ಳುಗಾಡಿಯಲ್ಲಿ ಸೊಪ್ಪು ಮಾರಿದೆ. ಬೆಳಿಗ್ಗೆ ಸೊಪ್ಪು ಕೊಟ್ಟು, "ದುಡ್ಡು ಸಂಜೆ ಕೊಡಪ್ಪಾ" ಅಂದ ಮಾರ್ಕೆಟ್ಟಿನ ಅಕ್ಕನಿಗೆ ಮೊದಲ ನಮಸ್ಕಾರ. ಎಷ್ಟೋ ಸಂಜೆ ಕೊಡೋಕೆ ಆಗ್ಲಿಲ್ಲ, ಅಕ್ಕ ಕೇಳಲೂ ಇಲ್ಲ.

ಈ ಜುಲೈನಲ್ಲಿ ಮೇಸ್ತ್ರಿ ಫೋನ್ ಮಾಡಿದರು. "ಈ ಸಲ ಅಣ್ಣಾವ್ರು, ಅಪ್ಪು. ಗಾಜನೂರಿನ ಅಣ್ಣಾವ್ರ ಮನೇನ ಹೂವಲ್ಲಿ ಮಾಡ್ಬೇಕು. ಬರ್ತೀಯೇನೋ?" ಕೂಲಿ ಎಷ್ಟು ಅಂತ ಕೇಳಲೇ ಇಲ್ಲ ನಾನು.

ಹೋದರೆ ಕೈಗೆ ಕೆಲಸವೇ ಮರೆತಿದೆ! ಹೂ ಚುಚ್ಚೋಕೆ ಕಬ್ಬಿಣದ ಚೌಕಟ್ಟಿಗೆ ಕಟ್ಟೋ ಫೋಮನ್ನು, ನೀರು ಹೀರೋ ಸ್ಪಂಜಿನಂಥದ್ದು, ಮೊದಲು ನೀರಿನ ಮೇಲೆ ಸುಮ್ನೆ ಬಿಡಬೇಕು. ತಾನೇ ಕುಡಿದು ಮುಳುಗುತ್ತೆ. ಅವಸರಕ್ಕೆ ಒತ್ತಿದರೆ ಹೊರಗೆ ಒದ್ದೆ, ಒಳಗೆ ಗಾಳಿ. ಅಲ್ಲಿ ಚುಚ್ಚಿದ ಹೂ ಮಾರನೇ ದಿನಕ್ಕೇ ತಲೆ ಬಗ್ಗಿಸುತ್ತೆ. ಇದೆಲ್ಲ ಗೊತ್ತಿದ್ದ ನಾನೇ ಒತ್ತಿದ್ದೆ. ಮೇಸ್ತ್ರಿ ಬಂದು ಬೆರಳಿಟ್ಟು ನೋಡಿದರು. ಬೈಯಲಿಲ್ಲ. ಇಡೀ ಸಾಲು ಕಿತ್ತು, ಹೊಸ ಫೋಮ್ ನೆನೆಸಿ, ನನ್ನ ಪಕ್ಕದಲ್ಲೇ ಕೂತು ಮೊದಲ ಹತ್ತು ಹೂ ಅವರೇ ಚುಚ್ಚಿದರು. ಐವತ್ತು ದಾಟಿದವನಿಗೆ ಅಕ್ಷರಾಭ್ಯಾಸ ಮಾಡಿಸಿದ ಹಾಗೆ.

ಚಿಕ್ಕಬಳ್ಳಾಪುರದ ಕಡೆಯಿಂದ ಸೇವಂತಿಗೆ ತಂದ ರೈತರಿಗೂ ವಂದನೆ. ಲಾಕ್‌ಡೌನಿನಲ್ಲಿ ಅದೇ ಹೂವನ್ನು ತಿಪ್ಪೆಗೆ ಸುರಿದವರು ಅವರು. ಶೋಗೆ ಎಷ್ಟೋ ದಿನ ಮೊದಲೇ ಬೀಜ ಹಾಕಿ ಕುಂಡದ ಗಿಡ ಸಾಕಿದ ತೋಟಗಾರಿಕೆ ಇಲಾಖೆಯ ಮಾಲಿಗಳನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಮಧ್ಯದಲ್ಲಿ ಬಾಡಿದ ಹೂ ಬದಲಾಯಿಸುವ ರಾತ್ರಿ ನಮ್ಮ ಜೊತೆ ಎದ್ದಿದ್ದು ಟೀ ತಂದುಕೊಟ್ಟ ಸೆಕ್ಯುರಿಟಿ ಅಣ್ಣ, ಆ ಟೀಗೆ ಸಕ್ಕರೆ ಜಾಸ್ತಿ ಇತ್ತು, ಆದರೂ ನಿಮ್ಮ ಋಣ ದೊಡ್ಡದು.

ಆಮೇಲೆ ಜನ. ಆಗಸ್ಟ್ 5ರಿಂದ 15ರವರೆಗೆ ಮಳೆ ಅಂತಲೂ ನೋಡದೆ ಬಂದರು. ಅಪ್ಪು ಹೋಗಿ ಇನ್ನೂ ಒಂಬತ್ತೇ ತಿಂಗಳಾಗಿತ್ತು, ಅಲ್ವಾ? ಹೂವು ನೋಡೋಕೆ ಬಂದವರು ಅವರ ಪ್ರತಿಮೆ ಎದುರು ಮಾತು ನಿಲ್ಲಿಸಿಬಿಡುತ್ತಿದ್ದರು. ಕೆಲವರು ಚಪ್ಪಲಿ ಬಿಟ್ಟು ಕೈ ಮುಗಿದರು. ಬೇಲಿಯ ಈಚೆ ನೀರು ಚಿಮುಕಿಸುತ್ತಾ ನಿಂತ ನನಗೆ ಆಗ ಎಲ್ಲಿ ನೋಡಬೇಕೋ ಗೊತ್ತಾಗುತ್ತಿರಲಿಲ್ಲ.

ಮೇಸ್ತ್ರಿ, ಒಂದು ವಿಷಯ ನಿಮಗೆ ಹೇಳಿಲ್ಲ. ಎರಡನೇ ದಿನ ಒಬ್ಬರು ಅಜ್ಜಿ ಕರ್ಚೀಫಿನಲ್ಲಿ ಸುತ್ತಿ ಒಂದೇ ಒಂದು ಸಂಪಿಗೆ ತಂದಿದ್ದರು. "ಮನೆ ಗಿಡದ್ದಪ್ಪಾ, ಎಲ್ಲಾದ್ರೂ ಒಂದು ಕಡೆ ಇಡು" ಅಂದರು. ಹೊರಗಿನ ಹೂ ಸೇರಿಸಬಾರದು ಅಂತ ನೀವು ಹೇಳಿದ್ದಿರಿ. ನಾನು ಗಾಜನೂರು ಮನೆಯ ಹಿಂದಿನ ಗೋಡೆಯಲ್ಲಿ, ಕೆಳಗಡೆ, ಯಾರಿಗೂ ಕಾಣದ ಹಾಗೆ ಚುಚ್ಚಿದೆ. ಹೂ ಬದಲಾಯಿಸುವ ರಾತ್ರಿ ನೀವು ಟಾರ್ಚ್ ಹಿಡಿದು ಆ ಗೋಡೆ ಹತ್ತಿರ ಬಗ್ಗಿ ನೋಡಿದಿರಿ. ಸಂಪಿಗೆ ಅಷ್ಟೊತ್ತಿಗೆ ಕಂದಿತ್ತು. ನೀವು ಸುತ್ತಲಿನ ಸೇವಂತಿಗೆ ಎಲ್ಲ ಕಿತ್ತಿರಿ, ಅದೊಂದನ್ನು ಬಿಟ್ಟಿರಿ.