ಸಂವಿಧಾನದ ಪಾಡ್‌ಕಾಸ್ಟ್: ಈ ವಾರದ ಕಂತು

ಎಲ್ಲರಿಗೂ ನಮಸ್ಕಾರ. ಸಂವಿಧಾನದ ಬೇರು ಹುಡುಕುವ ಪಾಡ್‌ಕಾಸ್ಟಿನ ಹೊಸ ಕಂತು ಮೇಲೆ ಹಾಕಿದ್ದೇನೆ. ಬ್ರಿಟಿಷರ ಕಾಲದ 1935ರ ಭಾರತ ಸರ್ಕಾರ ಕಾಯ್ದೆಯ ಭಾಗ ಸ್ವಲ್ಪ ಬೋರು, ಆದ್ರೂ ಬಿಡಬೇಡಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬಿ.ಎನ್. ರಾವ್ 1947ರಲ್ಲಿ ಸಂವಿಧಾನದ ಮೊದಲ ಕರಡು ಬರೆದರು. ಅಂಬೇಡ್ಕರ್ ಸಮಿತಿ ಅದನ್ನೇ ಮುಂದಿಟ್ಟುಕೊಂಡು ತಿದ್ದಿತು.

ಕಂತಿನಲ್ಲಿ ಕೊಡಗಿನ ಮಾತೇ ಇಲ್ಲ, ಅದೊಂದು ಬೇಜಾರು. ಸಂವಿಧಾನ ಸಭೆಯಲ್ಲಿ ನಮ್ಮ ಕಡೆಯಿಂದ ಕೂತವರು ಸಿ.ಎಂ. ಪೂಣಚ್ಚ. 1950ರಲ್ಲಿ ಕೊಡಗು ‘ಸಿ’ ದರ್ಜೆಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ರಾಜ್ಯವಾಯಿತು. 1952ರಲ್ಲಿ 24 ಸದಸ್ಯರ ವಿಧಾನಸಭೆ, ಪೂಣಚ್ಚನವರೇ ಮುಖ್ಯಮಂತ್ರಿ. 1956ರ ನವೆಂಬರಿಗೆ ಕೊಡಗು ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕ) ಸೇರಿತು.

1952ರ ಆ ವಿಧಾನಸಭೆ ಚುನಾವಣೆ ನೆನಪಿರುವ ಹಿರಿಯರು ಮನೆಯಲ್ಲಿದ್ದರೆ ಕೇಳಿ, ವಾಯ್ಸ್ ನೋಟ್ ಹಾಕಿ. ಶನಿವಾರ ಸಂಜೆ ಚರ್ಚೆ. ಮಳೆಗೆ ಕರೆಂಟ್, ನೆಟ್‌ವರ್ಕ್ ಎರಡೂ ನಂಬುವ ಹಾಗಿಲ್ಲ ಅಲ್ವಾ, ಇವತ್ತೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.