ಟ್ರೈಲರ್ ಎಳೆಯುವ ಹಳೇ ವ್ಯಾನ್‌ಗೆ ಕನ್ನಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಮೆಟಡಾರ್‌ಗೆ ಹಿಂದೆ ನೋಡುವ ಪಕ್ಕದ ಕನ್ನಡಿ ಹುಡುಕಿ ಮಂಡ್ಯದಲ್ಲಿ ಎರಡು ದಿನ ಸುತ್ತಿದೆ. ಜನರೇಟರ್ ಟ್ರೈಲರ್ ಎಳೆಯುವವರು ದಯವಿಟ್ಟು ಓದಿ.

ಕನ್ನಡಿ ದೊಡ್ಡದಿದ್ದರೆ ಸಾಲದು, ಅದನ್ನು ಹಿಡಿದಿರುವ ತೋಳೂ ಉದ್ದ ಇರಬೇಕು. ಟ್ರೈಲರ್ ಅಗಲ ಜಾಸ್ತಿ ಇದ್ದರೆ ಹಳೇ ಕನ್ನಡಿಯಲ್ಲಿ ಅದರ ತಗಡು ಮಾತ್ರ ಕಾಣುತ್ತದೆ, ಹಿಂದಿನ ಬೈಕ್ ಕಾಣುವುದೇ ಇಲ್ಲ. ಕಬ್ಬಿನ ಗಾಡಿ ದಾಟಿ ಎಡಕ್ಕೆ ಬರುವಾಗ ಎದೆ ಹೊಡೆದುಕೊಳ್ಳುತ್ತದೆ, ಅಲ್ವಾ?

ಉಬ್ಬು ಕನ್ನಡಿ ಜಾಸ್ತಿ ಜಾಗ ತೋರಿಸುತ್ತದೆ. ಆದರೆ ಹತ್ತಿರದ ಗಾಡಿಯೂ ದೂರ ಇದ್ದಂತೆ ಕಾಣುತ್ತದೆ. ಅದಕ್ಕೇ ನಾನು ದೊಡ್ಡದನ್ನು ಚಪ್ಪಟೆಯದೇ ಹಾಕಿಸಿ, ಕೆಳಗೆ ಸಣ್ಣ ಉಬ್ಬಿನದು ಸೇರಿಸಿದೆ.

ಒಂದೇ ಬೋಲ್ಟಿನ ತೋಳು ಬೇಡ, ನಡುಗುತ್ತದೆ. ಅಂಗಡಿಗೆ ಹಳೇ ಬ್ರಾಕೆಟ್ ಒಯ್ಯಿರಿ, ತೂತು ಹೊಂದಬೇಕು. ಟ್ರೈಲರ್ ಸಿಕ್ಕಿಸಿದ ಮೇಲೇ ಕನ್ನಡಿ ತಿರುಗಿಸಿ ಹೊಂದಿಸಿಕೊಳ್ಳಿ.